ಕಿಕ್ ಹೊಡೆದಾಗ ಉಳಿದದ್ದು ತಗ್ಗಬೇಕು: ಬೀಟ್‌ನ 'ಪಂಪಿಂಗ್' ಹಿಂದಿರುವ ಲೆವೆಲ್ ಲೆಕ್ಕ

ಒಂದು ಕೋಣೆ, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್. ಬೀಟ್ ಮಾಡ್ಲಿಕ್ಕೆ ಇವತ್ತು ಇಷ್ಟು ಸಾಕು. ಉಪ್ಪಳದಲ್ಲೋ ಕುಂಬಳೆಯಲ್ಲೋ ಒಬ್ಬ ಹುಡುಗ ರಾತ್ರಿ ಎರಡು ಗಂಟೆಯವರೆಗೆ ಕೂತು ಒಂದು ಬೀಟ್ ಮಾಡಿದ ಎಂದಿಟ್ಟುಕೊಳ್ಳಿ. ಗೆಳೆಯನ ಹಾಡಿಗೆ ಬೇಕಾದ ಬೀಟ್ ಅದು. ಹೆಡ್‌ಫೋನ್‌ನಲ್ಲಿ ಕೇಳಿದಾಗ ಭರ್ಜರಿಯಾಗಿತ್ತು. ಮರುದಿನ ಗೆಳೆಯನ ಕಾರಿನಲ್ಲಿ ಹಾಕಿದರೆ ಕಿಕ್ ಕಾಣೆ! ಬೇಸ್ ಮಾತ್ರ ಗುಂಯ್ ಎನ್ನುತ್ತಿದೆ. ದೊಡ್ಡ ಹಾಡುಗಳಲ್ಲಿ ಕೇಳುವ ಆ ಉಸಿರಾಟ, ಕಿಕ್ ಹೊಡೆದಾಗ ಎಲ್ಲ ತಗ್ಗಿ ಮತ್ತೆ ಉಬ್ಬಿ ಬರುವ ಆ ಓಟ, ಇವನ ಬೀಟ್‌ನಲ್ಲಿ ಇಲ್ಲವೇ ಇಲ್ಲ.

ಆಗ ಯಾರಾದರೂ ಒಬ್ಬ ಹೇಳಿಯೇ ಹೇಳುತ್ತಾನೆ: "ನಿನ್ನ ಕಂಪ್ರೆಸರ್ ಸರಿ ಇಲ್ಲ, ಒಳ್ಳೆಯ ಪ್ಲಗಿನ್ ತಗೋ." ಕೈಯಲ್ಲಿದ್ದ ನಾಲ್ಕೈದು ಸಾವಿರ ಅಲ್ಲಿಗೆ ಹೋಗುತ್ತದೆ. ದುಡ್ಡಿಲ್ಲದವನು ಕಳ್ಳ ಕಾಪಿ ಹುಡುಕಲು ಹೋಗಿ ಲ್ಯಾಪ್‌ಟಾಪ್‌ಗೆ ವೈರಸ್ ತಂದುಕೊಳ್ಳುತ್ತಾನೆ. ಇಷ್ಟೆಲ್ಲ ಆದ ಮೇಲೂ ಬೀಟ್ ಹಾಗೆಯೇ ಇರುತ್ತದೆ. ಯಾಕೆಂದರೆ ಹೆಚ್ಚಿನ ಸಲ ತಪ್ಪು ಕಂಪ್ರೆಸರ್‌ನದ್ದಲ್ಲ, ಟ್ರ್ಯಾಕ್‌ಗಳ ಲೆವೆಲ್‌ನದ್ದು. ಲೆವೆಲ್ ಸರಿಯಾಗಿ ಹೊಂದಿಸಿದರೆ ಸಾಫ್ಟ್‌ವೇರ್ ಜೊತೆ ಉಚಿತವಾಗಿ ಬಂದ ಕಂಪ್ರೆಸರ್ ಕೂಡ ಕೆಲಸ ಮಾಡುತ್ತದೆ. ಅದು ತಪ್ಪಿದರೆ ಎಷ್ಟು ದುಬಾರಿಯದ್ದು ತಂದರೂ ಪ್ರಯೋಜನ ಇಲ್ಲ.

ಪಂಪಿಂಗ್ ಅಂದರೆ ಏನು?

ರೇಡಿಯೋ ಕೇಳುವವರಿಗೆ ಇದು ಹೊಸತಲ್ಲ. ಎಫ್‌ಎಂನಲ್ಲಿ ಹಾಡು ಹೋಗುತ್ತಿರುತ್ತದೆ, ನಿರೂಪಕಿ ಮಾತು ಶುರು ಮಾಡಿದ ಕೂಡಲೇ ಹಾಡಿನ ಸದ್ದು ತಾನಾಗಿಯೇ ತಗ್ಗುತ್ತದೆ. ಮಾತು ನಿಲ್ಲಿಸಿದರೆ ಹಾಡು ಮತ್ತೆ ಮೇಲೆ ಬರುತ್ತದೆ. ಇದಕ್ಕೆ ಪ್ರತಿ ಸಲ ಒಬ್ಬ ಮನುಷ್ಯ ಕೂತು ಕೈಯಲ್ಲಿ ತಗ್ಗಿಸಬೇಕೆಂದಿಲ್ಲ. ನಿರೂಪಕಿಯ ಧ್ವನಿಯನ್ನು ಒಂದು ಕಂಪ್ರೆಸರ್‌ಗೆ ಸೂಚನೆಯಾಗಿ ಕೊಟ್ಟರೆ ಅದು ಹಾಡನ್ನು ತಗ್ಗಿಸುತ್ತದೆ. ಈ ಸೂಚನೆ ಬರುವ ಪಕ್ಕದ ದಾರಿಗೇ 'ಸೈಡ್‌ಚೈನ್' ಎಂದು ಹೆಸರು.

ಬೀಟ್‌ನಲ್ಲಿ ನಿರೂಪಕಿಯ ಜಾಗದಲ್ಲಿ ಕಿಕ್ ಡ್ರಮ್ ಕೂರುತ್ತದೆ. ಹಾಡಿನ ಜಾಗದಲ್ಲಿ ಬೇಸ್, ಕಾರ್ಡ್ಸ್, ಪ್ಯಾಡ್ ಇತ್ಯಾದಿ. ಕಿಕ್ ಹೊಡೆದಾಗಲೆಲ್ಲ ಇವು ತಗ್ಗುತ್ತವೆ, ಕಿಕ್ ಹೋದ ಮೇಲೆ ಉಬ್ಬಿ ಬರುತ್ತವೆ. ನಿಮಿಷಕ್ಕೆ 120 ಸಲ ಹೀಗೆ ಆದರೆ ಇಡೀ ಸಂಗೀತ ಪಂಪ್ ಹೊಡೆದ ಹಾಗೆ, ಉಸಿರಾಡಿದ ಹಾಗೆ ಕೇಳುತ್ತದೆ.

ಇದರಿಂದ ಎರಡು ಲಾಭ. ಒಂದು, ಜಾಗ. ಕಿಕ್ ಮತ್ತು ಬೇಸ್ ಎರಡರದ್ದೂ ಶಕ್ತಿ ಇರುವುದು ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ, ಹೆಚ್ಚು ಕಡಿಮೆ 40ರಿಂದ 100 ಹರ್ಟ್ಸ್ ಒಳಗೆ. ಇಬ್ಬರು ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಿದರೆ ಇಬ್ಬರಿಗೂ ದಾರಿ ಇಲ್ಲ. ಬೇಸ್ ಅರೆಗಳಿಗೆ ಬದಿಗೆ ಸರಿದರೆ ಕಿಕ್ ಸಲೀಸಾಗಿ ಹೊರಗೆ ಬರುತ್ತದೆ. ಎರಡು, ಓಟ. ಈ ತಗ್ಗು-ಉಬ್ಬೇ ಒಂದು ತಾಳವಾಗಿ ಕಾಲು ಕುಣಿಸುತ್ತದೆ.

ಕ್ಲಬ್ ಸಂಗೀತದಲ್ಲಿ ಇದನ್ನು ಎದ್ದು ಕಾಣುವ ಹಾಗೆ ಬಳಸಿದವರಲ್ಲಿ ಫ್ರೆಂಚ್ ಹೌಸ್ ಕಲಾವಿದರು ಮುಖ್ಯರು. ಪ್ಯಾರಿಸ್‌ನ ಡಾಫ್ಟ್ ಪಂಕ್ ಜೋಡಿಯ 2000ದ 'ಒನ್ ಮೋರ್ ಟೈಮ್' ಕೇಳಿದರೆ ಈ ಒತ್ತು-ಬಿಡುವಿನ ಆಟ ತಿಳಿಯುತ್ತದೆ. ಸ್ವೀಡನ್‌ನ ಎರಿಕ್ ಪ್ರಿಡ್ಜ್ ಅವರ 2004ರ 'ಕಾಲ್ ಆನ್ ಮಿ' ಇನ್ನೂ ಸ್ಪಷ್ಟ ಉದಾಹರಣೆ. ಅಲ್ಲಿ ಪಂಪಿಂಗ್ ಮುಚ್ಚಿಡುವ ತಂತ್ರವಲ್ಲ, ಹಾಡಿನ ಮುಖವೇ ಅದು. ಹಿಪ್-ಹಾಪ್ ಕಡೆಯಲ್ಲಿ ಲಾಸ್ ಏಂಜಲಿಸ್‌ನ ಫ್ಲೈಯಿಂಗ್ ಲೋಟಸ್ ಅಂಥವರ ಬೀಟ್‌ಗಳಲ್ಲಿ ಇದೇ ಉಸಿರು ಬೇರೆ ರೀತಿಯಲ್ಲಿ ಕೇಳುತ್ತದೆ. ಅದರ ವಿಷಯ ಮುಂದೆ ಉಂಟು.

ತೆರಿಗೆ ಸ್ಲ್ಯಾಬ್‌ನ ಹಾಗೆ

ಕಂಪ್ರೆಸರ್ ತೆರೆದರೆ ನಾಲ್ಕು ಗುಂಡಿಗಳು ಮುಖ್ಯ. ಥ್ರೆಶ್‌ಹೋಲ್ಡ್, ರೇಶಿಯೋ, ಅಟ್ಯಾಕ್, ರಿಲೀಸ್. ಆದಾಯ ತೆರಿಗೆ ಗೊತ್ತಿದ್ದವರಿಗೆ ಮೊದಲ ಎರಡು ಕಷ್ಟವಿಲ್ಲ.

ಥ್ರೆಶ್‌ಹೋಲ್ಡ್ ಅಂದರೆ ಮಿತಿ. ಅದರ ಕೆಳಗೆ ಇದ್ದರೆ ತೆರಿಗೆ ಇಲ್ಲ, ಅದನ್ನು ದಾಟಿದ ಮೊತ್ತದ ಮೇಲೆ ಮಾತ್ರ ಕಡಿತ. ರೇಶಿಯೋ ಅಂದರೆ ತೆರಿಗೆಯ ದರ. ರೇಶಿಯೋ 4:1 ಇದ್ದರೆ, ಮಿತಿ ದಾಟಿದ ಪ್ರತಿ 4 ಡೆಸಿಬೆಲ್‌ನಲ್ಲಿ 1 ಮಾತ್ರ ಉಳಿಯುತ್ತದೆ, 3 ಕಡಿತ. ಅಟ್ಯಾಕ್ ಅಂದರೆ ಕಡಿತ ಎಷ್ಟು ಬೇಗ ಶುರುವಾಗಬೇಕು ಎಂಬುದು. ರಿಲೀಸ್ ಅಂದರೆ ಕಡಿತ ಮುಗಿದು ಸದ್ದು ಎಷ್ಟು ಹೊತ್ತಿನಲ್ಲಿ ಮೊದಲಿನ ಮಟ್ಟಕ್ಕೆ ಬರಬೇಕು ಎಂಬುದು.

ಸೈಡ್‌ಚೈನ್‌ನಲ್ಲಿ ಒಂದು ವಿಚಿತ್ರ ಉಂಟು. ಇಲ್ಲಿ ಆದಾಯ ಲೆಕ್ಕ ಹಾಕುವುದು ಕಿಕ್‌ನದ್ದು, ತೆರಿಗೆ ವಸೂಲಿ ಮಾಡುವುದು ಬೇಸ್‌ನಿಂದ! ಅಂದರೆ ಬೇಸ್ ಎಷ್ಟು ತಗ್ಗಬೇಕೆಂದು ತೀರ್ಮಾನಿಸುವುದು ಬೇಸ್‌ನ ಸದ್ದಲ್ಲ, ಕಂಪ್ರೆಸರ್‌ಗೆ ಬರುವ ಕಿಕ್‌ನ ಸದ್ದು. ಈ ಒಂದು ಮಾತು ಸರಿಯಾಗಿ ತಲೆಗೆ ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಲೆಕ್ಕ ಹಾಕಿ ನೋಡುವ. ಡಿಜಿಟಲ್ ಮೀಟರ್‌ನಲ್ಲಿ ಮೇಲಿನ ಕೊನೆ 0 ಡಿಬಿ, ಅದರ ಕೆಳಗೆಲ್ಲ ಮೈನಸ್. ಕಂಪ್ರೆಸರ್‌ನ ಮಿತಿ ಮೈನಸ್ 20 ಡಿಬಿ, ದರ 4:1 ಎಂದಿರಲಿ.

ಕಿಕ್ ಮೈನಸ್ 8ಕ್ಕೆ ಹೊಡೆಯುತ್ತಿದೆ. ಮಿತಿಗಿಂತ 12 ಮೇಲೆ. ಉಳಿಯುವುದು 3, ಕಡಿತ 9 ಡಿಬಿ. ಬೇಸ್ 9 ಡಿಬಿ ತಗ್ಗುತ್ತದೆ. 6 ಡಿಬಿ ತಗ್ಗಿದರೆ ಅಲೆಯ ಎತ್ತರ ಅರ್ಧಕ್ಕೆ ಬರುತ್ತದೆ ಎಂದು ನೆನಪಿಟ್ಟರೆ, 9 ಅಂದರೆ ಗಟ್ಟಿ ಪಂಪಿಂಗ್.

ಅದೇ ಕಿಕ್ ಅನ್ನು ಮೈನಸ್ 16ಕ್ಕೆ ಇಳಿಸಿದರೆ? ಮಿತಿಗಿಂತ 4 ಮಾತ್ರ ಮೇಲೆ. ಕಡಿತ 3 ಡಿಬಿ. ಪಂಪಿಂಗ್ ಇದೆಯೋ ಇಲ್ಲವೋ ಎಂಬಷ್ಟು.

ಕಿಕ್ ಮೈನಸ್ 4ಕ್ಕೆ ಏರಿಸಿದರೆ? 16 ಮೇಲೆ, ಕಡಿತ 12. ಅಂದರೆ ಬೇಸ್‌ನ ಅಲೆ ಕಾಲು ಭಾಗಕ್ಕೆ ಇಳಿಯಿತು.

ಕಂಪ್ರೆಸರ್‌ನ ಒಂದು ಗುಂಡಿಯನ್ನೂ ಮುಟ್ಟಿಲ್ಲ. ಕಿಕ್‌ನ ಫೇಡರ್ ಮಾತ್ರ ಆಡಿಸಿದ್ದು. ಪಂಪಿಂಗ್ 3ರಿಂದ 12ರವರೆಗೆ ಓಡಾಡಿತು. ಯಾರದ್ದೋ ವಿಡಿಯೋ ನೋಡಿ "ಥ್ರೆಶ್‌ಹೋಲ್ಡ್ ಮೈನಸ್ 20 ಇಡಿ" ಎಂಬುದನ್ನು ಹಾಗೆಯೇ ಕಾಪಿ ಮಾಡಿದವನಿಗೆ ಅದೇ ಫಲ ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿಯೇ ಉಂಟು. ಅವರ ಕಿಕ್‌ನ ಲೆವೆಲ್ ಬೇರೆ, ಇವನ ಕಿಕ್‌ನ ಲೆವೆಲ್ ಬೇರೆ.

ಸಿಕ್ಕಿಬೀಳುವ ಸುಳಿ

ಹೆಚ್ಚಿನವರು ಹಾಳಾಗುವುದು ಹೀಗೆ. ಕಂಪ್ರೆಸರ್ ಹಾಕಿದ ಮೇಲೆ ಬೇಸ್ ತಗ್ಗುತ್ತದೆ. ಅಯ್ಯೋ ಬೇಸ್ ಸಾಲದು ಎಂದು ಬೇಸ್‌ನ ಫೇಡರ್ ಏರಿಸುತ್ತಾರೆ. ಫೇಡರ್ ಇರುವುದು ಕಂಪ್ರೆಸರ್‌ನ ನಂತರ, ಹಾಗಾಗಿ ಪಂಪಿಂಗ್‌ನ ಆಳ ಅಷ್ಟೇ ಇರುತ್ತದೆ, ಎರಡು ಕಿಕ್‌ಗಳ ನಡುವಿನ ಜಾಗದಲ್ಲಿ ಮಾತ್ರ ಬೇಸ್ ಅಬ್ಬರಿಸುತ್ತದೆ. ಈಗ ಕಿಕ್ ಸಣ್ಣದಾಗಿ ಕಾಣುತ್ತದೆ. ಸರಿ, ಕಿಕ್ ಏರಿಸುವ! ಕಿಕ್ ಏರಿದ ಕೂಡಲೇ ಸೈಡ್‌ಚೈನ್‌ಗೆ ಹೋಗುವ ಸೂಚನೆಯೂ ಏರುತ್ತದೆ, ಬೇಸ್ ಇನ್ನಷ್ಟು ಕುಸಿಯುತ್ತದೆ. ಮತ್ತೆ ಬೇಸ್ ಏರಿಸು. ಮತ್ತೆ ಕಿಕ್ ಏರಿಸು.

ನಾಲ್ಕು ಸುತ್ತು ಆಗುವಾಗ ಮಾಸ್ಟರ್ ಮೀಟರ್ ಕೆಂಪಾಗಿರುತ್ತದೆ. ಅದರ ಮೇಲೆ ಒಂದು ಲಿಮಿಟರ್ ಹಾಕಿ ಎಲ್ಲವನ್ನೂ ಒತ್ತಿಬಿಡುತ್ತಾರೆ. ಕಷ್ಟಪಟ್ಟು ಮಾಡಿದ ತಗ್ಗು-ಉಬ್ಬು ಅಲ್ಲಿ ಚಪ್ಪಟೆ. ಕಾರಿನಲ್ಲಿ ಆ ಹುಡುಗನ ಕಿಕ್ ಕಾಣೆಯಾದದ್ದು ಹೀಗೆಯೇ.

ಈ ಸುಳಿಯಿಂದ ಹೊರಬರಲು ಎರಡು ದಾರಿ. ಒಂದು, ಲೆವೆಲ್ ಮೊದಲು, ಕಂಪ್ರೆಸರ್ ನಂತರ. ಎರಡು, ಕೇಳುವ ಕಿಕ್ ಬೇರೆ, ಸೂಚನೆ ಕೊಡುವ ಕಿಕ್ ಬೇರೆ. ಎರಡನೆಯದಕ್ಕೆ 'ಘೋಸ್ಟ್ ಕಿಕ್' ಎನ್ನುತ್ತಾರೆ. ಕಿಕ್ ಟ್ರ್ಯಾಕ್‌ನ ಒಂದು ನಕಲು ಮಾಡಿ, ಅದರ ಸದ್ದು ಮಾಸ್ಟರ್‌ಗೆ ಹೋಗದ ಹಾಗೆ ತಪ್ಪಿಸಿ, ಸೈಡ್‌ಚೈನ್‌ಗೆ ಮಾತ್ರ ಕಳುಹಿಸುವುದು. ಆಮೇಲೆ ಕೇಳುವ ಕಿಕ್ ಅನ್ನು ಎಷ್ಟು ಏರಿಸಿದರೂ ಇಳಿಸಿದರೂ ಪಂಪಿಂಗ್ ಕದಲುವುದಿಲ್ಲ. ಕಿಕ್ ಇಲ್ಲದ ಭಾಗದಲ್ಲೂ ಪಂಪಿಂಗ್ ಬೇಕಿದ್ದರೆ ಇದೇ ಉಪಾಯ.

ಲೆವೆಲ್ ಹೊಂದಿಸುವ ಕ್ರಮ

ಮೊದಲು ಎಲ್ಲ ಫೇಡರ್ ಕೆಳಗೆ ಇಳಿಸಿ. ಕಂಪ್ರೆಸರ್ ಎಲ್ಲ ಆಫ್. ಅಂಗಡಿಯಲ್ಲಿ ಹೊಸ ಲೆಕ್ಕದ ಪುಸ್ತಕ ತೆರೆದ ಹಾಗೆ.

ಮೊದಲು ಕಿಕ್ ಒಂದನ್ನೇ ಏರಿಸಿ. ಮೀಟರ್‌ನ ತುದಿ ಮೈನಸ್ 10 ಡಿಬಿ ಹತ್ತಿರ ನಿಂತರೆ ಸಾಕು. ಸದ್ದು ಸಣ್ಣದು ಅನಿಸಿದರೆ ಸ್ಪೀಕರ್‌ನ ವಾಲ್ಯೂಮ್ ಏರಿಸಿ, ಫೇಡರ್ ಅಲ್ಲ. ಇದೇ ಈಗ ತೂಕದ ಕಲ್ಲು. ಉಳಿದದ್ದೆಲ್ಲ ಇದರ ಎದುರು ತೂಗಬೇಕು.

ನಂತರ ಬೇಸ್. ಕಿಕ್ ಜೊತೆ ನುಡಿಸುತ್ತಾ ನಿಧಾನ ಏರಿಸಿ. ಕಿಕ್‌ನ ಪೆಟ್ಟು ಮಸುಕಾಗಲು ಶುರುವಾದ ಜಾಗದಲ್ಲಿ ನಿಲ್ಲಿಸಿ, ಒಂದೆರಡು ಡಿಬಿ ಇಳಿಸಿ. ಆಮೇಲೆ ಕಾರ್ಡ್ಸ್ ಅಥವಾ ಸ್ಯಾಂಪಲ್, ಆಮೇಲೆ ಸ್ನೇರ್, ಹೈಹ್ಯಾಟ್, ಕೊನೆಗೆ ಹಾಡುವವರ ಧ್ವನಿ. ಎಲ್ಲ ಒಟ್ಟಿಗೆ ನುಡಿದಾಗ ಮಾಸ್ಟರ್ ಮೀಟರ್ ಮೈನಸ್ 6 ದಾಟದಿದ್ದರೆ ಒಳ್ಳೆಯದು. ಆ ಖಾಲಿ ಜಾಗ ವೇಸ್ಟ್ ಅಲ್ಲ, ಮುಂದಿನ ಕೆಲಸಕ್ಕೆ ಬೇಕಾದ ಬಂಡವಾಳ.

ಈ ಹಂತದಲ್ಲಿ, ಒಂದು ಕಂಪ್ರೆಸರ್ ಕೂಡ ಇಲ್ಲದೆ, ಬೀಟ್ ಕೇಳಲು ಹೆಚ್ಚುಕಡಿಮೆ ಸರಿ ಇರಬೇಕು. ಇಲ್ಲದಿದ್ದರೆ ಮುಂದೆ ಹೋಗಬೇಡಿ.

ಈಗ ಬೇಸ್ ಮೇಲೆ ಕಂಪ್ರೆಸರ್ ಹಾಕಿ, ಕಿಕ್ ಅನ್ನು ಸೈಡ್‌ಚೈನ್‌ಗೆ ಕೊಡಿ. ರೇಶಿಯೋ 4:1, ಅಟ್ಯಾಕ್ 1ರಿಂದ 5 ಮಿಲಿಸೆಕೆಂಡ್. ಥ್ರೆಶ್‌ಹೋಲ್ಡ್‌ನ ಸಂಖ್ಯೆ ನೋಡಬೇಡಿ, ಕಡಿತ ತೋರಿಸುವ ಮೀಟರ್ ನೋಡಿ. ಬೇಸ್‌ಗೆ 6ರಿಂದ 10 ಡಿಬಿ ಕಡಿತ, ಪ್ಯಾಡ್ ಮತ್ತು ಕಾರ್ಡ್ಸ್‌ಗೆ 4ರಿಂದ 6, ಮೆಲ್ಲಗೆ ಇರಬೇಕಾದ ಸ್ಯಾಂಪಲ್‌ಗೆ 2 ಅಥವಾ 3. ಇದು ಕಾನೂನಲ್ಲ, ಶುರು ಮಾಡ್ಲಿಕ್ಕೆ ಒಂದು ಅಂದಾಜು. ಹಾಡಿನ ಧ್ವನಿ, ಸ್ನೇರ್ ಇವುಗಳನ್ನು ಸಾಮಾನ್ಯವಾಗಿ ಪಂಪಿಂಗ್‌ಗೆ ಸೇರಿಸುವುದಿಲ್ಲ. ಮಾತಿನ ಅಕ್ಷರಗಳು ನುಂಗಿಹೋಗುತ್ತವೆ.

ಕಂಪ್ರೆಸರ್‌ನಲ್ಲಿ 'ಆಟೋ ಮೇಕಪ್' ಎಂಬ ಬಟನ್ ಇದ್ದರೆ ಮೊದಲು ಆಫ್ ಮಾಡಿ. ಅದು ತಗ್ಗಿದ್ದನ್ನು ತಾನೇ ಏರಿಸಿ ಕೊಡುತ್ತದೆ. ಜೋರಾಗಿ ಕೇಳಿದ್ದು ಚೆನ್ನಾಗಿದೆ ಎಂದು ಕಿವಿಗೆ ಅನಿಸುವುದು ಸಹಜ, ಹಾಗಾಗಿ ಕಂಪ್ರೆಸರ್ ನಿಜವಾಗಿ ಏನು ಮಾಡಿತು ಎಂಬುದೇ ತಿಳಿಯುವುದಿಲ್ಲ. ಪಂಪಿಂಗ್ ಬಂದ ಮೇಲೆ ಬೇಸ್ ಸ್ವಲ್ಪ ಕಡಿಮೆ ಅನಿಸಿದರೆ ಕೈಯಾರೆ ಒಂದೆರಡು ಡಿಬಿ ಏರಿಸಿ, ಅಲ್ಲಿಗೆ ನಿಲ್ಲಿಸಿ. ಕಿಕ್ ಮುಟ್ಟಬೇಡಿ. ತೂಕದ ಕಲ್ಲನ್ನೇ ಬದಲಿಸಿದರೆ ತಕ್ಕಡಿಯ ಕತೆ ಏನು?

ಉಸಿರಿನ ಸಮಯ

ಲೆವೆಲ್ ಸರಿ ಇದ್ದೂ ಓಟ ಬಾರದಿದ್ದರೆ ರಿಲೀಸ್ ನೋಡಬೇಕು. ಇದಕ್ಕೂ ಸರಳ ಲೆಕ್ಕ ಉಂಟು. 60,000 ಅನ್ನು ಬೀಟ್‌ನ ವೇಗದಿಂದ ಭಾಗಿಸಿದರೆ ಎರಡು ಬೀಟ್‌ಗಳ ನಡುವಿನ ಮಿಲಿಸೆಕೆಂಡ್ ಸಿಗುತ್ತದೆ. 120 ಬಿಪಿಎಂ ಇದ್ದರೆ 500 ಮಿಲಿಸೆಕೆಂಡ್. 125 ಇದ್ದರೆ 480. ನಿಧಾನದ 90 ಇದ್ದರೆ ಸುಮಾರು 667.

120ರಲ್ಲಿ ಕಿಕ್‌ನ ಸದ್ದು 150 ಮಿಲಿಸೆಕೆಂಡ್ ಇರುತ್ತದೆ ಎಂದಾದರೆ ಉಳಿಯುವುದು 350. ಅದರೊಳಗೆ ಬೇಸ್ ಪೂರ್ತಿ ಮೇಲೆ ಬಂದು ಒಂದು ಕ್ಷಣ ನಿಲ್ಲಬೇಕು. ಹಾಗಾಗಿ ರಿಲೀಸ್ 200ರಿಂದ 300ರ ಒಳಗೆ ಇಟ್ಟು ಕೇಳಿ ನೋಡುವುದು. ರಿಲೀಸ್ ತೀರಾ ಉದ್ದವಾದರೆ ಬೇಸ್ ಮೇಲೆ ಬರುವ ಮೊದಲೇ ಮುಂದಿನ ಕಿಕ್ ಬಂದು ಒತ್ತುತ್ತದೆ. ಆಗ ಕೇಳುವುದು ಪಂಪಿಂಗ್ ಅಲ್ಲ, ಯಾವಾಗಲೂ ಸಣ್ಣದಾಗಿರುವ ಬೇಸ್. ತೀರಾ ಕಡಿಮೆಯಾದರೆ ಕಿಕ್ ಮುಗಿಯುವ ಮೊದಲೇ ಬೇಸ್ ಹಿಂದೆ ಬಂದು ಡಿಕ್ಕಿ ಹೊಡೆಯುತ್ತದೆ, ಕೆಲವು ಸಲ ಕೊರಕೊರ ಸದ್ದೂ ಬರುತ್ತದೆ.

ಎಲ್ಲ ಒಂದೇ ಚೀಲದಲ್ಲಿ

ಹಿಪ್-ಹಾಪ್ ಬೀಟ್ ಮಾಡುವವರಲ್ಲಿ ಇನ್ನೊಂದು ಪದ್ಧತಿ ಉಂಟು. ಅಲ್ಲಿ ಬೇರೆ ಸೂಚನೆ ಇಲ್ಲ, ಇಡೀ ಬೀಟ್ ಒಂದೇ ಕಂಪ್ರೆಸರ್ ಮೂಲಕ ಹೋಗುತ್ತದೆ. ಬಾಸ್ ಕಂಪನಿಯ ಎಸ್‌ಪಿ-303 ಎಂಬ ಸಣ್ಣ ಸ್ಯಾಂಪ್ಲರ್‌ನಲ್ಲಿ 'ವಿನೈಲ್ ಸಿಮ್' ಎಂಬ ಎಫೆಕ್ಟ್ ಇದೆ. ಹಳೆ ರೆಕಾರ್ಡಿನ ಗುಣ ಕೊಡುವ ಆ ಎಫೆಕ್ಟ್‌ನೊಳಗೆ ಕಂಪ್ರೆಸರ್ ಕೂಡ ಉಂಟು. ಮ್ಯಾಡ್‌ಲಿಬ್ ಮುಂತಾದವರ ಕೈಯಲ್ಲಿ ಆ ಯಂತ್ರ ಹೆಸರು ಮಾಡಿತು.

ಈ ಪದ್ಧತಿಯಲ್ಲಿ ಲೆವೆಲ್‌ನ ಮಹತ್ವ ಇನ್ನೂ ಹೆಚ್ಚು. ಎಲ್ಲರೂ ಒಂದೇ ಮಿತಿಯ ಕೆಳಗೆ, ಹಾಗಾಗಿ ಯಾರು ಜೋರೋ ಅವನೇ ಕಡಿತ ತೀರ್ಮಾನಿಸುವುದು. ಕಿಕ್ ಉಳಿದ ಎಲ್ಲಕ್ಕಿಂತ 3ರಿಂದ 6 ಡಿಬಿ ಮೇಲೆ ಇದ್ದರೆ ಕಿಕ್ ಬಂದಾಗಲೆಲ್ಲ ಸ್ಯಾಂಪಲ್ ಬಗ್ಗುತ್ತದೆ. ಸ್ಯಾಂಪಲ್ ಮತ್ತು ಕಿಕ್ ಸರಿಸಮ ಇದ್ದರೆ ಕಂಪ್ರೆಸರ್ ಯಾವಾಗಲೂ ಒತ್ತುತ್ತಲೇ ಇರುತ್ತದೆ, ಉಸಿರು ಬಾರದು. ಬೇಸ್ ಜೋರಾದರೆ ಬೇಸ್ ಬಂದಾಗಲೆಲ್ಲ ಕಿಕ್ ಬಗ್ಗುತ್ತದೆ, ಎಲ್ಲ ಉಲ್ಟಾ! ಇಲ್ಲಿ ಘೋಸ್ಟ್ ಕಿಕ್‌ನ ಆಶ್ರಯ ಇಲ್ಲ. ಫೇಡರ್ ಒಂದೇ ಗತಿ.

ಸಾಫ್ಟ್‌ವೇರ್‌ನಲ್ಲಿ ಎಲ್ಲಿ?

ಎಫ್ಎಲ್ ಸ್ಟುಡಿಯೋದಲ್ಲಿ ಮಿಕ್ಸರ್‌ನ ಕಿಕ್ ಟ್ರ್ಯಾಕ್ ಆಯ್ದುಕೊಂಡು, ಬೇಸ್ ಟ್ರ್ಯಾಕ್‌ನ ಕೆಳಗಿನ ಬಾಣದ ಮೇಲೆ ರೈಟ್ ಕ್ಲಿಕ್ ಮಾಡಿ 'ಸೈಡ್‌ಚೈನ್ ಟು ದಿಸ್ ಟ್ರ್ಯಾಕ್' ಕೊಡಬೇಕು. ನಂತರ ಬೇಸ್ ಟ್ರ್ಯಾಕ್‌ನಲ್ಲಿ ಫ್ರೂಟಿ ಲಿಮಿಟರ್ ಹಾಕಿ, ಅದರ ಕಂಪ್ರೆಸರ್ ಭಾಗಕ್ಕೆ ಹೋಗಿ ಸೈಡ್‌ಚೈನ್ ಆರಿಸಬೇಕು. ಏಬಲ್‌ಟನ್ ಲೈವ್‌ನ ಕಂಪ್ರೆಸರ್‌ನಲ್ಲಿ ಸೈಡ್‌ಚೈನ್ ಭಾಗ ತೆರೆದರೆ ಸೂಚನೆಯನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂದೂ ಕೇಳುತ್ತದೆ: ಎಫೆಕ್ಟ್‌ಗಳ ಮೊದಲೋ, ನಂತರವೋ, ಫೇಡರ್‌ನ ನಂತರವೋ. ಫೇಡರ್‌ಗಿಂತ ಮೊದಲಿನದ್ದನ್ನು ಆರಿಸಿದರೆ ಕಿಕ್‌ನ ಫೇಡರ್ ಆಡಿಸಿದರೂ ಪಂಪಿಂಗ್ ಬದಲಾಗದು.

ಸೈಡ್‌ಚೈನ್ ಇಲ್ಲದ ಮೊಬೈಲ್ ಆ್ಯಪ್ ಇದ್ದವರೂ ಬೇಸರಿಸಬೇಕಿಲ್ಲ. ಬೇಸ್‌ನ ವಾಲ್ಯೂಮ್ ಗೆರೆಯನ್ನು ಪ್ರತಿ ಕಿಕ್‌ನ ಜಾಗದಲ್ಲಿ ಕೈಯಲ್ಲಿಯೇ ತಗ್ಗಿಸಿ ಮತ್ತೆ ಏರಿಸಿ ಎಳೆದು, ಒಂದು ಬಾರ್ ಮಾಡಿ ಕಾಪಿ ಮಾಡಿದರೆ ಆಯಿತು. ಫಲ ಹೆಚ್ಚುಕಡಿಮೆ ಅದೇ. ಕೆಲವರು ಇದನ್ನೇ ಇಷ್ಟಪಡುತ್ತಾರೆ, ಯಾಕೆಂದರೆ ಇಲ್ಲಿ ಕಿಕ್‌ನ ಲೆವೆಲ್ ಏನೇ ಆದರೂ ಗೆರೆ ಕದಲುವುದಿಲ್ಲ.

ಕೊನೆಯ ಪರೀಕ್ಷೆ

ಮುಗಿದ ಬೀಟ್ ಅನ್ನು ಮೂರು ಕಡೆ ಕೇಳಬೇಕು. ಒಂದು, ಹೆಡ್‌ಫೋನ್‌ನಲ್ಲಿ ತೀರಾ ಸಣ್ಣ ವಾಲ್ಯೂಮ್‌ನಲ್ಲಿ. ಆಗಲೂ ಕಿಕ್ ಮೊದಲು ಕೇಳಿಸಿದರೆ ಬ್ಯಾಲೆನ್ಸ್ ಸರಿ. ಎರಡು, ಮೊಬೈಲ್‌ನ ಸ್ಪೀಕರ್‌ನಲ್ಲಿ. ಅದಕ್ಕೆ ಕೆಳಗಿನ ಸದ್ದು ಕೊಡುವ ಶಕ್ತಿ ಇಲ್ಲ, ಕಿಕ್ ಹೆಚ್ಚು ಕೇಳಿಸದು. ಆದರೆ ಪ್ಯಾಡ್ ತಗ್ಗಿ ಏಳುವುದು ಕೇಳುತ್ತದೆ, ಅದರಿಂದಲೇ ತಾಳ ತಿಳಿಯುತ್ತದೆ. ಮೂರು, ಯಾರದ್ದಾದರೂ ಕಾರಿನಲ್ಲಿ.

ಜೋರು ಮಾಡುವ ಆಸೆಯಿಂದ ಕೊನೆಗೆ ಲಿಮಿಟರ್‌ನಲ್ಲಿ ಹಿಂಡುವುದರಿಂದ ಲಾಭ ಇಲ್ಲ. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಮಟ್ಟಕ್ಕೆ ತಂದು ನುಡಿಸುತ್ತದೆ. ಅದಕ್ಕಿಂತ ಜೋರು ಮಾಡಿ ಕೊಟ್ಟದ್ದನ್ನು ಅದು ತಗ್ಗಿಸುತ್ತದೆ. ಹಿಂಡಿದ ನಷ್ಟ ಮಾತ್ರ ಉಳಿಯುತ್ತದೆ.

ಇನ್ನೊಂದು ಲೆವೆಲ್ ಎಲ್ಲಕ್ಕಿಂತ ಮುಖ್ಯ, ಅದು ಕಿವಿಯದ್ದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗೆ 75. ಸದ್ದು 3 ಡೆಸಿಬೆಲ್ ಏರಿದಂತೆ ಈ ಸಮಯ ಅರ್ಧಕ್ಕೆ ಇಳಿಯುತ್ತದೆ. ರಾತ್ರಿಯಿಡೀ ಹೆಡ್‌ಫೋನ್ ಕಿವಿಗೆ ಹಾಕಿ ಕೂತವರು, ಕಿವಿಯೊಳಗೆ ಕುಂಯ್ ಎಂಬ ಸದ್ದು ಶುರುವಾದರೆ, ಅಲ್ಲಿಗೆ ನಿಲ್ಲಿಸಬೇಕು. ಉಮ್ಮ ಬಾಗಿಲು ಬಡಿದು "ಸಾಕು, ಮಲಗು" ಎಂದರೆ ಅದೂ ಒಂದು ಸೂಚನೆಯೇ. ಹಾಳಾದ ಪ್ರಾಜೆಕ್ಟ್ ಅನ್ನು ಮತ್ತೆ ಮಾಡಬಹುದು, ಹಾಳಾದ ಕಿವಿಗೆ ಬೇರೆ ಕಾಪಿ ಇಲ್ಲ.

ಆ ಹುಡುಗ ಮಾಡಬೇಕಾದ್ದು ಇಷ್ಟೇ. ಪ್ಲಗಿನ್‌ಗೆಂದು ಇಟ್ಟ ದುಡ್ಡು ಕಿಸೆಯಲ್ಲೇ ಇರಲಿ. ಅದೇ ಪ್ರಾಜೆಕ್ಟ್ ತೆರೆಯಲಿ, ಎಲ್ಲ ಫೇಡರ್ ಕೆಳಗೆ ಇಳಿಸಲಿ, ಕಿಕ್ ಒಂದನ್ನೇ ಮೈನಸ್ 10ಕ್ಕೆ ತಂದು ಅಲ್ಲಿಂದ ಮತ್ತೆ ಶುರು ಮಾಡಲಿ. ಮುಕ್ಕಾಲು ಗಂಟೆಯ ಕೆಲಸ. ಆಮೇಲೆ ಗೆಳೆಯನ ಕಾರಿನಲ್ಲಿ ಇನ್ನೊಮ್ಮೆ ಹಾಕಿ ನೋಡಲಿ.